ಬೆನ್ನಿಗೆ ಹೊರುವ 16 ಲೀಟರ್ ಬ್ಯಾಟರಿ ಸ್ಪ್ರೇಯರ್: ಗುಡ್ಡದ ಬೆಂಕಿಗೆ ಆಗುತ್ತದಾ?
ಫೆಬ್ರವರಿ ಬಂತೆಂದರೆ ಕಾರ್ಕಳ, ಹೆಬ್ರಿ ಕಡೆಯ ಗುಡ್ಡಗಳಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಉಡುಪಿಯ ಕೃಷಿ ಸಲಕರಣೆ ಅಂಗಡಿಗಳಲ್ಲಿ ಸಿಗುವ ಈ ಸ್ಪ್ರೇಯರ್, ಬೆಂಕಿ ಹಾಯ್ದ ಮೇಲೆ ಹೊಗೆಯಾಡುವ ಮರದ ಕುತ್ತಿ, ತರಗೆಲೆ ನೆನೆಸಲು ಬಹಳ ಒಳ್ಳೆಯದು. ಎದ್ದು ಬರುವ ಜ್ವಾಲೆಗೆ ಮಾತ್ರ ಸಾಲದು: ಮಂಜಿನಂಥ ಹನಿ ಗಾಳಿಗೆ ಹಾರಿಹೋಗುತ್ತದೆ. ನೇರ ಧಾರೆಯ ನಾಝಲ್ ಹಾಕಿ, ಬೆಂಕಿಯ ಬುಡಕ್ಕೇ ಹೊಡೆಯಬೇಕು. ಪೂರ್ತಿ ತುಂಬಿಸಿದರೆ 20 ಕೆ.ಜಿ. ದಾಟುತ್ತದೆ, ಏರು ಗುಡ್ಡಕ್ಕೆ 10 ಲೀಟರ್ ಸಾಕು. ತೋಡಿನ ನೀರನ್ನು ಬಟ್ಟೆಯಲ್ಲಿ ಸೋಸದಿದ್ದರೆ ಜಾಲರಿ ಕಟ್ಟಿ ಪಂಪ್ ಕೈಕೊಡುತ್ತದೆ. ಕಳೆನಾಶಕ ಹೊಡೆದ ಸ್ಪ್ರೇಯರ್ ಖಂಡಿತ ಬೇಡ, ಹಟ್ಟಿಯ ಬೈಹುಲ್ಲಿಗೆ ಆ ನೀರು ಬಿದ್ದರೆ ದನಗಳ ಹೊಟ್ಟೆಗೆ ವಿಷ. ಗಾಳಿ ಜೋರಿದ್ದರೆ ಸ್ಪ್ರೇಯರ್ ಅಲ್ಲೇ ಬಿಡಿ. ಮೊದಲು ದನಗಳ ಹಗ್ಗ ಬಿಚ್ಚಿ, 112ಕ್ಕೆ ಕರೆ ಮಾಡಿ.