ಸಣ್ಣ ಕಂಪ್ಯೂಟರಿನ ಸದ್ದು ಮಾಡುವ ಪವರ್ ಸಪ್ಲೈ: ಮೂರು ದಾರಿಗಳ ಹೋಲಿಕೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಪುಟವಿನ್ಯಾಸಕ್ಕೆ ಬಳಸುವ ಪುಟ್ಟ ಕಂಪ್ಯೂಟರಿನಲ್ಲಿ ಈಗ ಇರುವುದು 450 ವ್ಯಾಟಿನ, ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಹೊಸ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾಡಿಕೊಡುವ ಪೆಟ್ಟಿಗೆ. ಇದರ ಫ್ಯಾನ್ 92 ಮಿಲಿಮೀಟರಿನದು. ಹೊರೆ ಕಡಿಮೆ ಇರುವಾಗ ಅದು ತಿರುಗುವುದೇ ಇಲ್ಲ. ಇದನ್ನು ಬದಲಿಸುವ ಯೋಚನೆ ನನಗಿಲ್ಲ. ಇದಕ್ಕೆ ಮೊದಲು ಹಳೆಯ ಸಪ್ಲೈಯ ಫ್ಯಾನ್ ಮಾತ್ರ ಬದಲಿಸಿ ನೋಡಿದ್ದೆ, ಆಮೇಲೆ ಸಪ್ಲೈಯ ಬದಲು ಫ್ಯಾನೇ ಇಲ್ಲದ ಡಿಸಿ ಬೋರ್ಡಿಗೆ (ನೇರ ವಿದ್ಯುತ್ತಿನಿಂದ ನಡೆಯುವ ಪುಟ್ಟ ಹಲಗೆಗೆ) ಹೊರಗಿನಿಂದ 12 ವೋಲ್ಟ್ ಅಡಾಪ್ಟರ್ ಕೊಟ್ಟೂ ನೋಡಿದ್ದೆ. ನಿಶ್ಶಬ್ದವೊಂದನ್ನೇ ಬಯಸುವವರಿಗೆ ಡಿಸಿ ಬೋರ್ಡನ್ನು ಮೀರಿಸುವಂಥದ್ದು ಬೇರೊಂದಿಲ್ಲ. ಮಲೆನಾಡಿನ ಮಳೆಗಾಲದ ಕರೆಂಟಿನಲ್ಲಿ ಕೆಲಸ ಮಾಡಬೇಕಾದವರ ಲೆಕ್ಕ ಬೇರೆ.

ಹಣ ಖರ್ಚು ಮಾಡುವ ಮೊದಲು ಸದ್ದು ಯಾವ ಬಗೆಯದು ಎಂದು ಕಿವಿಗೊಟ್ಟು ಗುರುತಿಸಬೇಕು. ಕರಕರ ಎನ್ನುತ್ತಿದ್ದರೆ ಫ್ಯಾನಿನ ಬೇರಿಂಗ್ ಸವೆದಿದೆ. ಬರಿಯ ಗಾಳಿಯ ಸದ್ದಾದರೆ ಫ್ಯಾನ್ ಚಿಕ್ಕದಾಗಿದ್ದು ಜೋರಾಗಿ ತಿರುಗುತ್ತಿದೆ. ಪರದೆಯ ಮೇಲೆ ಪುಟ ಸರಿಸಿದಂತೆ ಏರಿಳಿಯುವ ಸಣ್ಣ ಕೀರಲು ಕೇಳಿಸಿದರೆ ಅದು ಒಳಗಿನ ಸುರುಳಿಗಳ ಕಂಪನ. ಅದಕ್ಕೆ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ನನ್ನದು ಮೊದಲನೆಯ ಬಗೆಯದಾಗಿತ್ತು.

ಫ್ಯಾನ್ ಬದಲಿಸುವುದು ಎಲ್ಲಕ್ಕಿಂತ ಅಗ್ಗ, ಆದರೆ ಎಲ್ಲರಿಗೂ ಹೇಳುವ ಕೆಲಸವಲ್ಲ. ಸಪ್ಲೈಯ ಒಳಗೆ ವಿದ್ಯುತ್ತನ್ನು ಕೂಡಿಡುವ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದಾದ್ದರಿಂದ, ಈ ಕೆಲಸವನ್ನು ಶಿವಮೊಗ್ಗದಲ್ಲಿ ರಿಪೇರಿ ಬಲ್ಲವರೊಬ್ಬರ ಕೈಯಿಂದಲೇ ಮಾಡಿಸಿದೆ. ಅಲ್ಲಿದ್ದದ್ದು 15 ಮಿಲಿಮೀಟರ್ ದಪ್ಪದ 80ರ ಫ್ಯಾನ್. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 25ರ ದಪ್ಪದ್ದು, ಅದು ಒಳಗೆ ಕೂರುವುದಿಲ್ಲ. ತೆಳು ಫ್ಯಾನ್ ಹುಡುಕಿ ಹಾಕಿಸಿದ ಮೇಲೆ ಕರಕರ ನಿಂತಿತು, ಗಾಳಿಯ ಸದ್ದು ಉಳಿಯಿತು.

ಡಿಸಿ ಬೋರ್ಡಿನ ಮೋಹ ನನಗೆ ಬಹುದಿನದಿಂದ ಇತ್ತು. ಮದರ್‌ಬೋರ್ಡಿನ 24 ಪಿನ್ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸುವ ಅಂಗೈಗಿಂತ ಚಿಕ್ಕ ತುಂಡು ಅದು. ತಿರುಗುವ ಭಾಗವೇ ಇಲ್ಲದ್ದರಿಂದ ಸದ್ದಿನ ಮಾತೇ ಇಲ್ಲ. ಪೆಟ್ಟಿಗೆಯ ಒಳಗೆ ಜಾಗವೂ ಬಿಡುವಾಗುತ್ತದೆ. ನನ್ನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೆಲಸ ನಡೆಯುವಾಗ ವ್ಯಾಟ್ ಮೀಟರ್ ತೋರಿಸುವುದು 60ರ ಆಸುಪಾಸು. ಆದ್ದರಿಂದ 120 ವ್ಯಾಟಿನ ಅಡಾಪ್ಟರ್ ಧಾರಾಳವಾಗಿ ಸಾಕಾಗಬೇಕಿತ್ತು, ಸಾಕಾಗಿಯೂ ಇತ್ತು.

ತೊಡಕು ಬಂದದ್ದು ಆರಿದ್ರಾ ಮಳೆ ಹಿಡಿದ ಮೇಲೆ. ಗಾಳಿಗೆ ತಂತಿಯ ಮೇಲೆ ಕೊಂಬೆ ಬೀಳುವುದು, ಕರೆಂಟು ಹೋಗಿ ಬಂದು ಮಾಡುವುದು ಇಲ್ಲಿ ಹೊಸದಲ್ಲ, ಅದಕ್ಕೆಂದೇ ಮನೆಗೆ ಇನ್ವರ್ಟರ್ ಇದೆ. ಆದರೆ ಇನ್ವರ್ಟರ್ ಬ್ಯಾಟರಿಗೆ ಹೊರಳುವ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗತೊಡಗಿತು. ಪ್ರತಿ ಸಲವೂ ಅಲ್ಲ, ಉಳಿಸದ ಪುಟ ತೆರೆದಿದ್ದಾಗ ಮಾತ್ರ ತಪ್ಪದೆ ಆಗುತ್ತದೆಯೇನೋ ಎನ್ನಿಸುವಷ್ಟು. ಇದರ ಕಾರಣ ಸರಳವಾದದ್ದು. ಕರೆಂಟು ಹೋದ ಮೇಲೆ ಯಂತ್ರ ಬದುಕಿರುವುದು ಸಪ್ಲೈಯ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ. ಕಂಪ್ಯೂಟರ್ ಸಪ್ಲೈಗಳಿಗೆಂದು ಇರುವ ಎಟಿಎಕ್ಸ್ ಮಾರ್ಗಸೂಚಿ ಬಹುಕಾಲ ಕೇಳುತ್ತ ಬಂದದ್ದು ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡುಗಳ ತಾಳಿಕೆಯನ್ನು; ಹೊರೆ ಇಳಿದಷ್ಟೂ ಈ ಅವಧಿ ಹಿಗ್ಗುತ್ತದೆ. ಆ ಅಳತೆಯಲ್ಲಿ ನೋಡಿದರೆ 120 ವ್ಯಾಟಿನ ಅಡಾಪ್ಟರ್ 60 ವ್ಯಾಟಿನಲ್ಲಿ ಸುಮಾರು 30 ಮಿಲಿಸೆಕೆಂಡ್ ತಾಳಬಹುದು. ಸಾಧಾರಣ ಮೋಡಿನಲ್ಲಿರುವ ಮನೆ ಇನ್ವರ್ಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಸಾಲದ್ದಕ್ಕೆ ಇಂಥ ಬೋರ್ಡುಗಳಲ್ಲಿ ಹಲವು ಅಡಾಪ್ಟರಿನ 12 ವೋಲ್ಟನ್ನು ಹಾಗೆಯೇ ಮುಂದಕ್ಕೆ ದಾಟಿಸುವುದರಿಂದ, ಅಲ್ಲಿ ಕುಸಿದದ್ದು ಮದರ್‌ಬೋರ್ಡಿನಲ್ಲಿಯೂ ಕುಸಿಯುತ್ತದೆ.

ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿದರೆ ಹೊರಳುವಿಕೆ ವೇಗವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಆ ಮೋಡಿನಲ್ಲಿ ನಮ್ಮ ಇನ್ವರ್ಟರ್ 180ರಿಂದ 260 ವೋಲ್ಟಿನ ನಡುವಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಸಂಜೆ ಊರಿನ ದೀಪಗಳೆಲ್ಲ ಹೊತ್ತಿ, ಅಕ್ಕಪಕ್ಕದ ತೋಟಗಳ ಪಂಪುಗಳೂ ನಡೆಯುವಾಗ ವೋಲ್ಟೇಜ್ 170ಕ್ಕೆ ಇಳಿಯುವ ಸಾಲಿನ ಕೊನೆಯ ಮನೆ ನಮ್ಮದು. ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತ, ಕರೆಂಟಿಗೂ ಬ್ಯಾಟರಿಗೂ ನಡುವೆ ಹೊರಳಿಸುವ ರಿಲೇ ಟಕ್ ಟಕ್ ಎನ್ನುತ್ತ, ನಿಜವಾಗಿ ಕತ್ತಲಾದಾಗ ದೀಪಕ್ಕೂ ಗತಿಯಿಲ್ಲದಂತಾಯಿತು. ಫ್ಯಾನಿನ ಸದ್ದು ತಪ್ಪಿಸಲು ಹೋಗಿ ರಿಲೇಯ ಸದ್ದು ಕೇಳುತ್ತ ಕೂರುವುದರಲ್ಲಿ ಅರ್ಥವಿರಲಿಲ್ಲ. ಸ್ವಿಚ್ಚನ್ನು ಮೊದಲಿನ ಜಾಗಕ್ಕೇ ತಿರುಗಿಸಿದೆ.

ಇನ್ವರ್ಟರ್ ಹೊರಳುವಾಗ ರೀಸ್ಟಾರ್ಟ್ ಆಗುವ ಇದೇ ಕಾಯಿಲೆ ಹಳೆಯ ಸಪ್ಲೈಗೂ ಸಂಜೆ ಹೊತ್ತಿನಲ್ಲಿ ಇತ್ತು. ಅದರಲ್ಲಿ ಆಕ್ಟಿವ್ ಪಿಎಫ್‌ಸಿ, ಅಂದರೆ ಒಳಗಿನ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟ್, ಇರಲಿಲ್ಲವಾದ್ದರಿಂದ ಕೆಪಾಸಿಟರಿನ ವೋಲ್ಟೇಜ್ ಗೋಡೆಯ ವೋಲ್ಟೇಜಿನ ಜೊತೆಯಲ್ಲೇ ಇಳಿಯುತ್ತಿತ್ತು. ಕೆಪಾಸಿಟರಿನಲ್ಲಿ ಕೂಡಿಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ, 230ರ ಬದಲು 170 ಇದ್ದಾಗ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಹೊಸ ಎಸ್‌ಎಫ್‌ಎಕ್ಸ್ ಗೆದ್ದದ್ದು ಇಲ್ಲಿ. ಇದರ ಪಿಎಫ್‌ಸಿ ಗೋಡೆಯಲ್ಲಿ 170 ಇದ್ದರೂ 230 ಇದ್ದರೂ ಒಳಗಿನ ವೋಲ್ಟೇಜನ್ನು 380ರ ಹತ್ತಿರವೇ ಹಿಡಿದಿಡುತ್ತದೆ. 450 ವ್ಯಾಟಿಗೆಂದು ಇಟ್ಟ ಕೆಪಾಸಿಟರ್ 60 ವ್ಯಾಟಿನ ಹೊರೆಯನ್ನು 100 ಮಿಲಿಸೆಕೆಂಡಿಗೂ ಹೆಚ್ಚು ಹೊರುವಷ್ಟು ದೊಡ್ಡದು. ಇಷ್ಟು ಸಣ್ಣ ಯಂತ್ರಕ್ಕೆ 450 ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಇದನ್ನು ಹಾಕಿದ ಮೇಲೆ ಇನ್ವರ್ಟರ್ ಹೊರಳಿದ್ದು ನನಗೆ ತಿಳಿಯುವುದು ಮೇಲಿನ ದೀಪ ಮಿಣುಕಿದಾಗ ಮಾತ್ರ. ನಮ್ಮದು ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಎಂಬುದನ್ನೂ ಹೇಳಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕೆಲವು ಆಕ್ಟಿವ್ ಪಿಎಫ್‌ಸಿ ಸಪ್ಲೈಗಳು ಗುಂಯ್‌ಗುಡುತ್ತವೆ ಅಥವಾ ಆಫ್ ಆಗಿಬಿಡುತ್ತವೆ. ಕೊಳ್ಳುವ ಮೊದಲು ಇನ್ವರ್ಟರಿನ ಮೇಲಿನ ಚೀಟಿ ಓದಿ.

ಉಳಿದ ವಿಷಯಗಳು ಚಿಕ್ಕವು. ಕೇಬಲ್ ಗಿಡ್ಡ, ಸಣ್ಣ ಪೆಟ್ಟಿಗೆಗೆ ಅದೇ ಒಳ್ಳೆಯದು. ನಾನು ಕೊಂಡಾಗ ಬೆಲೆ ಏಳು ಸಾವಿರದ ಆಸುಪಾಸು ಇತ್ತು. ಅಡಾಪ್ಟರ್ ಮತ್ತು ಬೋರ್ಡ್ ಸೇರಿ ಅದಕ್ಕಿಂತ ಕಡಿಮೆಯಾಗಿತ್ತು, ಫ್ಯಾನಿನದು ಲೆಕ್ಕಕ್ಕೇ ಬಾರದಷ್ಟು. ಬ್ರ್ಯಾಂಡಿನ ಡೆಸ್ಕ್‌ಟಾಪ್ ಇರುವವರು ಮಾತ್ರ ಮೊದಲು ಮದರ್‌ಬೋರ್ಡಿನ ಕನೆಕ್ಟರ್ ನೋಡಿಕೊಳ್ಳಬೇಕು, ಏಕೆಂದರೆ ಅವುಗಳಲ್ಲಿ ಎಷ್ಟೋ ಯಂತ್ರಗಳಿಗೆ 24 ಪಿನ್ ಇರುವುದಿಲ್ಲ, ಆಗ ಎಸ್‌ಎಫ್‌ಎಕ್ಸ್ ಆಗಲಿ ಡಿಸಿ ಬೋರ್ಡ್ ಆಗಲಿ ನೇರವಾಗಿ ಹೊಂದುವುದಿಲ್ಲ.

ಪೇಟೆಯಲ್ಲಿದ್ದು, ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಇಟ್ಟುಕೊಂಡವರು ಡಿಸಿ ಬೋರ್ಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ನಾನು ಯುಪಿಎಸ್ಸಿಗೂ ಅದರ ಬ್ಯಾಟರಿಗೂ ಮತ್ತೆ ಮತ್ತೆ ದುಡ್ಡು ಹಾಕುವ ಬದಲು ಒಂದೇ ಸಲ ಎಸ್‌ಎಫ್‌ಎಕ್ಸ್‌ಗೆ ಹಾಕಿದೆ. ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ, ದೊಡ್ಡ ಪುಸ್ತಕವೊಂದನ್ನು ಪಿಡಿಎಫ್ ಮಾಡುವಾಗ, ಇದರ ಫ್ಯಾನ್ ಕೆಲವು ನಿಮಿಷ ತಿರುಗುವುದುಂಟು. ಆ ಹೊತ್ತಿನಲ್ಲಿ ಮನೆಯ ಸೀಲಿಂಗ್ ಫ್ಯಾನಿನ ಸದ್ದು ಇದಕ್ಕಿಂತ ಜೋರಾಗಿರುತ್ತದೆ.