ಫ್ರಿಜ್ಜಿನ ನೀರು ಸೋರಿಕೆ: ಹಾಸನದ ಒಂದು ರಿಪೇರಿ ಅಂಗಡಿಯ ಸೇವೆ

ತರಕಾರಿ ಡಬ್ಬದ ಅಡಿಯಲ್ಲಿ ನೀರು ನಿಂತು ಅಡುಗೆಮನೆಯ ನೆಲಕ್ಕೆ ಇಳಿಯುತ್ತಿದ್ದ ನಮ್ಮ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜನ್ನು ನೋಡಲು ಹಾಸನದ ಸಾಲಗಾಮೆ ರಸ್ತೆಯ ಸಣ್ಣ ಅಂಗಡಿಯೊಂದರಿಂದ ಬಂದ ಮೆಕ್ಯಾನಿಕ್, ಗ್ಯಾಸ್ ತುಂಬಿಸಬೇಕು, ಕಂಪ್ರೆಸರ್ ಬದಲಿಸಬೇಕು ಎಂದು ಹೆದರಿಸದೆ, ಮೊದಲು ನೀರು ಹರಿದುಹೋಗುವ ದಾರಿಯನ್ನೇ ಪರೀಕ್ಷಿಸಿದರು. ಇಂತಹ ಫ್ರಿಜ್ಜಿನಲ್ಲಿ ಒಳಗನ್ನು ತಂಪು ಮಾಡುವ ಕೊಳವೆ ಸುರುಳಿಯಾದ ಕಾಯಿಲ್ ಮೇಲೆ ಕಟ್ಟುವ ಹಿಮವನ್ನು ಹೀಟರ್ ಆಗಾಗ ಕರಗಿಸುತ್ತದೆ. ಆ ನೀರು ಸಣ್ಣ ರಂಧ್ರ ಮತ್ತು ಕೊಳವೆಯ ಮೂಲಕ ಹಿಂಬದಿಯ ಟ್ರೇಗೆ ಇಳಿದು, ಕಂಪ್ರೆಸರ್‌ನ ಬಿಸಿಗೆ ಆವಿಯಾಗಬೇಕು. ಪ್ಲಗ್ ತೆಗೆದು ಫ್ರೀಜರ್‌ನ ಹಿಂಬದಿಯ ಫಲಕ ಬಿಚ್ಚಿದಾಗ, ಆ ರಂಧ್ರ ಕೊಳೆ ಮತ್ತು ಮಂಜುಗಡ್ಡೆಯಿಂದ ಪೂರ್ತಿ ಮುಚ್ಚಿಹೋಗಿತ್ತು.

ಚಾಕುವಿನಿಂದ ಕೆದಕದೆ, ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಹಾಯಿಸಿ ಅವರು ಕಟ್ಟಿದ್ದನ್ನು ಬಿಡಿಸಿದ ತಾಳ್ಮೆ ನನಗೆ ಬಹಳ ಹಿಡಿಸಿತು, ಏಕೆಂದರೆ ಕಾಯಿಲ್‌ಗೆ ಒಂದು ತೂತು ಬಿದ್ದರೂ ಗ್ಯಾಸ್ ಸೋರಿ ಖರ್ಚು ಹಲವು ಪಟ್ಟು ಹೆಚ್ಚುತ್ತದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು, ಬಾಗಿಲಂಚಿನ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್‌ನ ಬಿಗಿಯನ್ನೂ ನೋಡಿದರು. ಮಳೆಗಾಲದ ನಮ್ಮ ತೇವದ ಹವೆಯಲ್ಲಿ ಗ್ಯಾಸ್ಕೆಟ್ ಸಡಿಲವಾದರೆ ಒಳಗೆ ಹಿಮ ಹೆಚ್ಚು ಕಟ್ಟುತ್ತದೆ, ಆದ್ದರಿಂದ ಇದು ಅನಗತ್ಯ ಪರೀಕ್ಷೆಯಲ್ಲ.

ಶುಲ್ಕ ನ್ಯಾಯವಾಗಿತ್ತು. ಹೇಳಿದ ಹೊತ್ತಿಗೆ ಬರಲಿಲ್ಲ, ರಸೀದಿಯನ್ನು ಕೇಳಿಯೇ ಪಡೆಯಬೇಕಾಯಿತು. ಈ ಎರಡನ್ನು ಅಂಗಡಿಯವರು ತಿದ್ದಿಕೊಳ್ಳಬೇಕು.