ಬಯಲಾಟವೋ ತಾಳಮದ್ದಳೆಯೋ: ಕಥೆಯ ಸೊಗಸು ಮತ್ತು ತಿರುಳು

ಯಕ್ಷಗಾನದ ಒಂದೇ ಪ್ರಸಂಗವನ್ನು ಬಯಲಾಟದಲ್ಲಿ ನೋಡಬೇಕೋ, ತಾಳಮದ್ದಳೆಯಲ್ಲಿ ಕೇಳಬೇಕೋ ಎಂದು ಶಿರಸಿ, ಹೊನ್ನಾವರದ ಕಡೆಗೆ ಹೊಸದಾಗಿ ಬಂದವರು ಕೇಳುವುದುಂಟು. ಕಥೆಯ ಸೊಗಸು ಒಂದರಲ್ಲಿ, ತಿರುಳು ಇನ್ನೊಂದರಲ್ಲಿ ಎಂಬ ಊಹೆ ಆ ಪ್ರಶ್ನೆಯ ಹಿಂದಿರುತ್ತದೆ.

ಮೇಲ್ನೋಟಕ್ಕೆ ಅದು ಸರಿಯೇ. ಬಯಲಾಟದಲ್ಲಿ ವೇಷ, ಕುಣಿತ, ಚಂಡೆ ಎಲ್ಲವೂ ಇವೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಕಥೆಯನ್ನು ಹಾಡುವ ಭಾಗವತರ ಪದ ಮುಗಿದೊಡನೆ ಕುಳಿತಲ್ಲಿಂದಲೇ ಆಶುವಾಗಿ ಮಾತು ಹೆಣೆಯುವ ಅರ್ಥಧಾರಿಗಳು ಇರುತ್ತಾರೆ. ಆದರೆ ವಾಲಿವಧೆಯನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ನೆಲಕ್ಕುರುಳಿದ ವಾಲಿ ರಾಮನನ್ನು ಕೇಳುವಾಗ, ತಾಳಮದ್ದಳೆಯ ಸಭಿಕರು ವಾದದ ಪಟ್ಟುಗಳಿಗೇ ತಲೆದೂಗುತ್ತಾರೆ; ಅಲ್ಲಿ ವಿಚಾರವೇ ರಸ. ಬಯಲಾಟದಲ್ಲಾದರೋ, ಸ್ವಲ್ಪ ಹೊತ್ತಿನ ಹಿಂದೆ ರಂಗವನ್ನೆಲ್ಲ ತುಂಬಿ ಕುಣಿದಿದ್ದ ದೇಹ ಏಳಲಾರದೆ ಬಿದ್ದಿರುವುದನ್ನು ಕಂಡ ಕಣ್ಣಿಗೆ, ಆ ಪ್ರಶ್ನೆಯ ತೂಕ ಮಾತಿಗಿಂತ ಮೊದಲೇ ತಿಳಿದಿರುತ್ತದೆ.

ಪ್ರಸಂಗ ಗೊತ್ತಿಲ್ಲದವರು ಮೊದಲು ಆಟ ನೋಡಲಿ. ಗೊತ್ತಿದ್ದವರು ಮಳೆಗಾಲದ ಒಂದು ತಾಳಮದ್ದಳೆ ಕೂಟಕ್ಕೆ ಹೋಗಲಿ. ನನ್ನ ಒಲವು ಕೂಟದ ಕಡೆಗೇ. ಆಟ ನೋಡುತ್ತ ಬೆಳಗಿನವರೆಗೆ ನಿದ್ದೆಗೆಡುವ ವಯಸ್ಸು ದಾಟಿದ್ದೂ ಅದಕ್ಕೊಂದು ಕಾರಣವಿರಬಹುದು.